‘ತುಯ್’ ಎಂಬ ಅವ್ಯಯ ಮತ್ತು ಆನಂತರ್ಯದ ವಿಚಾರ

ಎಸ್ಪೆರಾಂತೊ ಭಾಷೆಯ ಕ್ರಿಯಾಪದಕ್ಕೆ ಕಾಲವನ್ನು ತೋರುವ ಪ್ರತ್ಯಯಗಳು ಮೂರೇ ಇವೆ. ವರ್ತಮಾನಕ್ಕೆ ‘ಆಸ್’, ಭೂತಕ್ಕೆ ‘ಇಸ್’, ಭವಿಷ್ಯಕ್ಕೆ ‘ಓಸ್’ ಎಂಬ ಇವು ಯಾವ ಅಪವಾದವೂ ಇಲ್ಲದೆ ಎಲ್ಲ ಧಾತುಗಳಿಗೂ ಸೇರುತ್ತವೆ, ಆದರೆ ನಡೆದದ್ದು ಈಗ ತಾನೆಯೋ ನೂರು ವರ್ಷಗಳ ಹಿಂದೆಯೋ, ನಡೆಯಬೇಕಾದದ್ದು ಈ ಗಳಿಗೆಯಲ್ಲೋ ಮುಂದಿನ ತಲೆಮಾರಿನಲ್ಲೋ ಎಂಬುದನ್ನು ಅವು ತಿಳಿಸುವುದಿಲ್ಲ. ಆ ಕೊರತೆಯನ್ನು ತುಂಬುವ ಪದಗಳಲ್ಲಿ ಎರಡು ವಿಶೇಷವಾಗಿ ಗಮನಿಸತಕ್ಕವು: ಈಗ ತಾನೆ ಮುಗಿದದ್ದನ್ನು ಹೇಳುವ ‘ಝುಸ್’ ಮತ್ತು ಕೂಡಲೆ ಆಗುವುದನ್ನು ಹೇಳುವ ‘ತುಯ್’. ವಾರ್ಸಾ ನಗರದಲ್ಲಿ ಕಣ್ಣಿನ ವೈದ್ಯನಾಗಿದ್ದ ಲುದ್ವಿಕ್ ಜ಼ಾಮೆನ್‌ಹೋಫ್ 1887ರಲ್ಲಿ ಈ ಭಾಷೆಯ ಮೊದಲ ಪುಸ್ತಕವನ್ನು ಹೊರತಂದನು. ಜನರ ಬಾಯಲ್ಲಿ ತಾನಾಗಿ ಬೆಳೆಯದೆ ಒಬ್ಬನ ಅಥವಾ ಕೆಲವರ ಸಂಕಲ್ಪದಿಂದ ರೂಪುಗೊಂಡ ಇಂಥ ಭಾಷೆಯನ್ನು ನಿರ್ಮಿತ ಭಾಷೆ ಎನ್ನುತ್ತಾರೆ. ಅದರಲ್ಲಿ ನಾಮಪದವೆಲ್ಲ ‘ಒ’ಕಾರದಲ್ಲೂ ಗುಣವಾಚಕವೆಲ್ಲ ‘ಆ’ಕಾರದಲ್ಲೂ ಸಾಧಿತ ಕ್ರಿಯಾವಿಶೇಷಣವೆಲ್ಲ ‘ಎ’ಕಾರದಲ್ಲೂ ಮುಗಿಯಬೇಕೆಂಬ ಕಟ್ಟುನಿಟ್ಟಿದ್ದರೂ, ‘ತುಯ್’ ಮತ್ತು ‘ಝುಸ್’ ಯಾವ ಅಂತ್ಯಪ್ರತ್ಯಯವನ್ನೂ ಹೊರದೆ, ಸಂಸ್ಕೃತ ವೈಯಾಕರಣರು ಅವ್ಯಯವೆಂದು ಕರೆಯುವ ವರ್ಗದ ಪದಗಳಂತೆ, ಮೂಲರೂಪದಲ್ಲೇ ನಿಲ್ಲುತ್ತವೆ.

‘ತುಯ್’ ವೇಗವನ್ನು ಹೇಳುವ ಪದವಲ್ಲ. ವೇಗಕ್ಕೆ ಆ ಭಾಷೆಯಲ್ಲಿ ‘ರಾಪಿದೆ’ ಎಂಬ ಬೇರೆಯೇ ಕ್ರಿಯಾವಿಶೇಷಣವಿದೆ. ಆದ್ದರಿಂದ ಒಂದು ಕೆಲಸವನ್ನು ‘ತುಯ್’ ಆರಂಭಿಸಿ ನಿಧಾನವಾಗಿ ಮಾಡಿದನೆಂದು ಹೇಳಿದರೆ ಅದರಲ್ಲಿ ಯಾವ ವಿರೋಧವೂ ಇರುವುದಿಲ್ಲ. ದೇಶವಾಚಕವಾದ ‘ಆಪುದ್’ ಎಂಬ ಪದದ ಜತೆ, ಎಂದರೆ ‘ಬಳಿಯಲ್ಲಿ’ ಎಂಬ ಅರ್ಥದ ಪದದ ಜತೆ, ಇದೇ ಅವ್ಯಯ ಬಂದಾಗ ಮತ್ತೊಂದು ಸಂಗತಿ ಸ್ಪಷ್ಟವಾಗುತ್ತದೆ: ಇಗರ್ಜಿಗೆ ತೀರ ಅಂಟಿಕೊಂಡ ಮನೆಯನ್ನು ‘ತುಯ್ ಆಪುದ್’ ಎಂದು ವರ್ಣಿಸಬಹುದು, ಅಲ್ಲಿ ಕಾಲದ ಮಾತೇ ಇಲ್ಲ, ಚಲನೆಯೂ ಇಲ್ಲ, ಆ ಎರಡು ಕಟ್ಟಡಗಳ ನಡುವೆ ಮೂರನೆಯದೊಂದು ಇಲ್ಲವೆಂಬುದಷ್ಟೇ ಅಭಿಪ್ರಾಯ. ಕಾಲದಲ್ಲಿ ಬಳಸಿದಾಗಲೂ ದೇಶದಲ್ಲಿ ಬಳಸಿದಾಗಲೂ ಈ ಪದ ಮಾಡುವುದು ಒಂದೇ ಕೆಲಸ: ಎರಡು ವಸ್ತುಗಳನ್ನು ಎದುರುಬದುರಾಗಿ ನಿಲ್ಲಿಸಿ ಅವುಗಳ ನಡುವಿನ ತೆರಪನ್ನು ನಿರಾಕರಿಸುತ್ತದೆ. ಅದರ ಅರ್ಥ ನಿಷೇಧರೂಪದ್ದು, ಮತ್ತು ಧಾರ್ಮಿಕ ಚಿಂತನೆ ಈ ನಿಷೇಧಕ್ಕೆ ಎಷ್ಟು ಮಹತ್ತ್ವ ಕೊಟ್ಟಿದೆ ಎಂಬುದನ್ನು ನೋಡಿದರೆ, ಒಂದೇ ಅಕ್ಷರದಷ್ಟಿರುವ ಈ ಅವ್ಯಯದ ವಿಚಾರ ವ್ಯಾಕರಣದ ಎಲ್ಲೆಯಲ್ಲಿ ನಿಲ್ಲಲಾರದು.

ಮೊದಲು ಏಳುವ ಪ್ರಶ್ನೆ ಅಳತೆಯದು. ಎಷ್ಟು ಕಾಲ ಕಳೆಯುವವರೆಗೆ ‘ಕೂಡಲೆ’ ಕೂಡಲೆಯಾಗಿ ಉಳಿಯುತ್ತದೆ? ಭಾಷೆಯನ್ನು ತರ್ಕದ ಬುನಾದಿಯ ಮೇಲೆ ಕಟ್ಟಬೇಕೆಂದು ಹೊರಟವರು ಇದಕ್ಕೆ ಖಚಿತವಾದ ಉತ್ತರ ಕೊಡುವರೆಂದು ನಿರೀಕ್ಷಿಸುವುದು ಸಹಜ. ಅಂಥ ಭಾಷೆಗಳಲ್ಲಿ ಪ್ರಸಿದ್ಧವಾದದ್ದು ಲೊಜ್‌ಬಾನ್. ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಆರಂಭಿಸಿದ ಲೋಗ್ಲಾನ್ ಎಂಬ ಪ್ರಯೋಗದಿಂದ ಕವಲೊಡೆದು, 1987ರಲ್ಲಿ ಸ್ಥಾಪಿತವಾದ ಲಾಜಿಕಲ್ ಲ್ಯಾಂಗ್ವೇಜ್ ಗ್ರೂಪ್ ಎಂಬ ಸಂಸ್ಥೆಯ ಕೈಯಲ್ಲಿ ಬೆಳೆದು, 1997ರಲ್ಲಿ ಪ್ರಕಟವಾದ ಜಾನ್ ಕೋವನ್‌ನ ವ್ಯಾಕರಣಗ್ರಂಥದಲ್ಲಿ ಸ್ಥಿರರೂಪ ಪಡೆದ ಭಾಷೆಯಿದು. ಇದರ ವ್ಯಾಕರಣವೆಲ್ಲ ನಿಂತಿರುವುದು ‘ಶ್ಮಾವೊ’ ಎಂದು ಕರೆಯಲಾಗುವ ಪುಟ್ಟ ಪದಗಳ ಮೇಲೆ. ‘ಪು’ ಎಂದರೆ ಹಿಂದೆ, ‘ಶಾ’ ಎಂದರೆ ಈಗ, ‘ಬಾ’ ಎಂದರೆ ಮುಂದೆ. ಇವು ದಿಕ್ಕನ್ನು ಮಾತ್ರ ಹೇಳುತ್ತವೆ. ದೂರವನ್ನು ಹೇಳಲು ‘ಜ಼ಿ’, ‘ಜ಼ಾ’, ‘ಜ಼ು’ ಎಂಬ ಮೂರು ಪದಗಳಿದ್ದು ಅವು ಕ್ರಮವಾಗಿ ಹತ್ತಿರ, ಮಧ್ಯಮ, ದೂರ ಎಂಬ ಕಾಲಾಂತರಗಳನ್ನು ಸೂಚಿಸುತ್ತವೆ, ಹೀಗಾಗಿ ‘ಪು ಜ಼ಿ’ ಎಂದರೆ ಈಗ ತಾನೆ, ‘ಬಾ ಜ಼ಿ’ ಎಂದರೆ ಇನ್ನೇನು ಎಂದಾಗುತ್ತದೆ. ಒಂದು ಘಟನೆ ಎಷ್ಟು ಹೊತ್ತು ನಡೆಯಿತೆಂಬುದಕ್ಕೆ ‘ಜ಼ೆಹಿ’ ಮೊದಲಾದ ಬೇರೆಯೇ ಪದಗಳಿರುವುದರಿಂದ, ಘಟನೆಯ ಸಾಮೀಪ್ಯ ಮತ್ತು ಘಟನೆಯ ಅವಧಿ ಎಂಬ ಎರಡು ಸಂಗತಿಗಳನ್ನು ಈ ಭಾಷೆ ಎಂದೂ ಬೆರೆಸುವುದಿಲ್ಲ.

ಇಷ್ಟು ವಿಂಗಡಣೆ ಮಾಡಿದ ಲೊಜ್‌ಬಾನ್, ‘ಜ಼ಿ’ ಎಂಬುದು ಎಷ್ಟು ನಿಮಿಷವೆಂಬುದನ್ನು ಮಾತ್ರ ಹೇಳುವುದಿಲ್ಲ. ಸಾಮೀಪ್ಯವನ್ನು ಸಂದರ್ಭವೂ ವಕ್ತಾರನ ದೃಷ್ಟಿಯೂ ನಿರ್ಣಯಿಸಬೇಕೆಂಬುದು ಅದರ ನಿಯಮ. ಭೂವಿಜ್ಞಾನಿಯೊಬ್ಬನು ಹತ್ತು ಸಾವಿರ ವರ್ಷಗಳ ಹಿಂದಿನ ಹಿಮಕರಗುವಿಕೆಯನ್ನು ‘ಪು ಜ಼ಿ’ ಎಂದರೂ, ಓಟದ ಸ್ಪರ್ಧೆಯ ತೀರ್ಪುಗಾರನು ಅರೆಕ್ಷಣದ ವಿಳಂಬವನ್ನು ‘ಜ಼ು’ ಎಂದರೂ ಭಾಷೆ ಆಕ್ಷೇಪಿಸದು. ಇದನ್ನು ಆ ಭಾಷೆಯ ದೌರ್ಬಲ್ಯವೆಂದು ಎಣಿಸುವವರಿದ್ದಾರು, ಆದರೆ ಇದು ತಾರ್ಕಿಕ ಪ್ರಾಮಾಣಿಕತೆಯ ಫಲವೆಂದು ಕಾಣುವುದೇ ಹೆಚ್ಚು ಯುಕ್ತ. ಸಾಮೀಪ್ಯವೆಂಬುದು ಗಡಿಯಾರದಲ್ಲಿಲ್ಲ, ಎರಡು ಘಟನೆಗಳ ನಡುವೆ ಲೆಕ್ಕಕ್ಕೆ ಬರುವಂಥದ್ದು ಏನಾದರೂ ಇದೆಯೇ ಎಂಬ ನಿರ್ಣಯದಲ್ಲಿದೆ, ಮತ್ತು ಆ ನಿರ್ಣಯವನ್ನು ಮಾಡುವವನು ಒಬ್ಬ ಚೇತನ. ತರ್ಕದ ಭಾಷೆಯೂ ಈ ಒಂದು ಎಡೆಯನ್ನು ವಕ್ತಾರನಿಗೆ ಬಿಟ್ಟುಕೊಟ್ಟಿರುವುದು ಅದು ತನ್ನ ವಸ್ತುವನ್ನು ಸರಿಯಾಗಿ ಅರಿತಿದೆಯೆಂಬುದಕ್ಕೆ ಸಾಕ್ಷಿ.

ನಡುವೆ ಬಂದು ಅಡ್ಡವಾಗುವುದಕ್ಕೆ ಸಂಸ್ಕೃತ ಶಾಸ್ತ್ರಗಳಲ್ಲಿ ವ್ಯವಧಾನವೆಂದು ಹೆಸರು, ವ್ಯವಧಾನವಿಲ್ಲದೆ ಒಂದರ ಬೆನ್ನಿಗೆ ಮತ್ತೊಂದು ಇರುವುದಕ್ಕೆ ಆನಂತರ್ಯವೆಂದು ಹೆಸರು. ಯಾವುದು ವ್ಯವಧಾನ, ಯಾವುದು ಅಲ್ಲ ಎಂಬುದು ಪ್ರಕರಣಕ್ಕೆ ತಕ್ಕಂತೆ ಬದಲಾಗುತ್ತದೆಂಬುದನ್ನು ಪಾಣಿನಿಯಷ್ಟು ನಿಖರವಾಗಿ ತೋರಿಸಿದವರು ಕಡಿಮೆ. ಸಂಯುಕ್ತಾಕ್ಷರವನ್ನು ನಿರೂಪಿಸುವಾಗ ಅವನು ನಡುವೆ ಸ್ವರವಿಲ್ಲದ ವ್ಯಂಜನಗಳನ್ನು ಮಾತ್ರ ಸಂಯೋಗವೆನ್ನುತ್ತಾನೆ. ಅಲ್ಲಿ ಒಂದು ಅಕಾರ ನುಸುಳಿದರೂ ಆನಂತರ್ಯ ಕೆಟ್ಟುಹೋಗುತ್ತದೆ. ಆದರೆ ರಕಾರದ ಪ್ರಭಾವದಿಂದ ನಕಾರವು ಣಕಾರವಾಗುವ ವಿಧಿಯಲ್ಲಿ ಅವನೇ ಸ್ವರಗಳನ್ನೂ ಕವರ್ಗ ಪವರ್ಗಗಳನ್ನೂ ವ್ಯವಧಾನವಾಗಿ ಎಣಿಸದಿರುವಂತೆ ಹೇಳುತ್ತಾನೆ, ಆದ್ದರಿಂದ ‘ರಾಮೇಣ’ ಎಂಬಲ್ಲಿ ರಕಾರಕ್ಕೂ ನಕಾರಕ್ಕೂ ನಡುವೆ ಆಕಾರ, ಮಕಾರ, ಏಕಾರಗಳಿದ್ದರೂ ಅವುಗಳನ್ನು ದಾಟಿ ಮಾರ್ಪಾಡು ನಡೆಯುತ್ತದೆ. ‘ರಥೇನ’ ಎಂಬಲ್ಲಿ ಒಂದು ಥಕಾರ ಬಂದದ್ದೇ ತಡ, ಅದು ನಿಂತುಹೋಗುತ್ತದೆ. ನಡುವೆ ಇರುವ ವರ್ಣಗಳ ಸಂಖ್ಯೆ ಎರಡು ಪದಗಳಲ್ಲೂ ಒಂದೇ. ವ್ಯತ್ಯಾಸ ಇರುವುದು ನಡುವೆ ಇರುವುದಕ್ಕೆ ಅಡ್ಡಗಟ್ಟುವ ಶಕ್ತಿ ಇದೆಯೇ ಇಲ್ಲವೇ ಎಂಬುದರಲ್ಲಿ.

ಈ ವಿವೇಚನೆ ನೀತಿಯ ಮತ್ತು ಮುಕ್ತಿಯ ಕ್ಷೇತ್ರಕ್ಕೆ ಬಂದಾಗ ಅದರ ಗಾಂಭೀರ್ಯ ಬೇರೆಯಾಗುತ್ತದೆ. ಬೌದ್ಧರು ಕಾಲವನ್ನು ಅಳೆಯಲು ಹಿಂಜರಿದವರಲ್ಲ. ಬಲಿಷ್ಠನೊಬ್ಬನು ಒಮ್ಮೆ ಚಿಟಿಕೆ ಹೊಡೆಯುವಷ್ಟರಲ್ಲಿ 65 ಕ್ಷಣಗಳು ಸರಿದುಹೋಗುತ್ತವೆಂಬ ಆಭಿಧರ್ಮಿಕರ ಲೆಕ್ಕವನ್ನು ವಸುಬಂಧು ತನ್ನ ಅಭಿಧರ್ಮಕೋಶಭಾಷ್ಯದಲ್ಲಿ ದಾಖಲಿಸಿದ್ದಾನೆ. ಆದರೂ ಆನಂತರ್ಯಕರ್ಮವೆಂಬ ಪರಿಭಾಷೆಯನ್ನು ರೂಪಿಸುವಾಗ ಅವರು ಈ ಅಳತೆಯನ್ನು ಪೂರ್ತಿಯಾಗಿ ಬದಿಗಿಟ್ಟರು. ತಾಯಿಯನ್ನು ಕೊಲ್ಲುವುದು, ತಂದೆಯನ್ನು ಕೊಲ್ಲುವುದು, ಅರ್ಹಂತನನ್ನು ಕೊಲ್ಲುವುದು, ದ್ವೇಷದಿಂದ ಬುದ್ಧನ ಮೈಯಿಂದ ರಕ್ತ ಬರಿಸುವುದು, ಸಂಘವನ್ನು ಒಡೆಯುವುದು ಎಂಬ ಐದು ಪಾತಕಗಳು ‘ಕೂಡಲೆ’ ಫಲ ಕೊಡುವಂಥವೆಂದು ಅವರು ಹೇಳಿದರೂ, ಪಾತಕಿಯು ಆ ಬಳಿಕ ಹಲವು ದಶಕ ಬದುಕಬಹುದು, ರಾಜ್ಯವಾಳಬಹುದು, ದಾನಧರ್ಮ ಮಾಡಬಹುದು. ಹಾಗಿದ್ದರೂ ಅದು ಆನಂತರ್ಯವೇ, ಏಕೆಂದರೆ ಈ ಜನ್ಮಕ್ಕೂ ನರಕಕ್ಕೂ ನಡುವೆ ಬೇರೊಂದು ಜನ್ಮ ಬರುವುದಿಲ್ಲ, ಬೇರೊಂದು ಕರ್ಮದ ವಿಪಾಕ ಮುನ್ನುಗ್ಗಿ ಅದನ್ನು ಮುಂದೂಡಲಾರದು. ನಲವತ್ತು ವರ್ಷಗಳ ಆಯುಷ್ಯವು ಇಲ್ಲಿ ‘ರಾಮೇಣ’ದ ಮಕಾರದಂತೆ, ಇದ್ದೂ ಅಡ್ಡವಾಗದ ವಸ್ತು.

ಇದರ ಇನ್ನೊಂದು ಮುಖವನ್ನು ದೀಘನಿಕಾಯದ ಎರಡನೆಯ ಸುತ್ತವಾದ ಸಾಮಞ್ಞಫಲಸುತ್ತ ತೋರಿಸುತ್ತದೆ. ತಂದೆಯಾದ ಬಿಂಬಿಸಾರನನ್ನು ಕೊಂದು ಮಗಧದ ಸಿಂಹಾಸನವೇರಿದ ಅಜಾತಶತ್ರುವು ವೈದ್ಯನಾದ ಜೀವಕನ ಸೂಚನೆಯಂತೆ ಬುದ್ಧನ ಬಳಿಗೆ ಬಂದು, ಸಂನ್ಯಾಸಜೀವನದ ಪ್ರತ್ಯಕ್ಷಫಲವೇನೆಂದು ಕೇಳಿ, ದೀರ್ಘವಾದ ಉಪದೇಶವನ್ನು ಆಲಿಸಿ, ತಪ್ಪನ್ನು ಒಪ್ಪಿಕೊಂಡು ಹಿಂದಿರುಗುತ್ತಾನೆ. ಅವನು ಹೋದ ಮೇಲೆ ಬುದ್ಧನು ಭಿಕ್ಷುಗಳಿಗೆ, ಈ ರಾಜನು ತಂದೆಯನ್ನು ಕೊಲ್ಲದಿದ್ದರೆ ಕುಳಿತ ಈ ಆಸನದಲ್ಲೇ ಅವನಿಗೆ ಧರ್ಮಚಕ್ಷು ಹುಟ್ಟುತ್ತಿತ್ತೆಂಬ ಅರ್ಥದ ಮಾತನ್ನು ಹೇಳುತ್ತಾನೆ. ಉಪದೇಶಕ್ಕೂ ಬೋಧೆಗೂ ನಡುವೆ ಒಂದು ಗಳಿಗೆಯ ತೆರಪೂ ಇರಬೇಕಾಗಿರಲಿಲ್ಲ, ಎರಡೂ ಒಂದೇ ಆಸನದಲ್ಲಿ ಕೂಡಬಹುದಾಗಿತ್ತು. ಆದರೆ ಎಂದೋ ನಡೆದ ಕೊಲೆಯೊಂದು ಅಲ್ಲಿ ಬಂದು ನಿಂತಿತ್ತು. ಒಂದು ಕಡೆ ವರ್ಷಗಳ ರಾಶಿಯು ಪಾತಕವನ್ನು ಅದರ ಫಲದಿಂದ ಬೇರ್ಪಡಿಸಲಾರದೆ ಹೋಗುತ್ತದೆ, ಇನ್ನೊಂದು ಕಡೆ ಕಾಲದ ಅಂತರ ಸ್ವಲ್ಪವೂ ಇಲ್ಲದಿದ್ದರೂ ಕೇಳುಗನು ಕೇಳಿದ್ದರಿಂದ ಬಹುದೂರದಲ್ಲೇ ಉಳಿಯುತ್ತಾನೆ. ಆನಂತರ್ಯದ ವಿಚಾರದಲ್ಲಿ ಇದಕ್ಕಿಂತ ಹೃದಯಸ್ಪರ್ಶಿಯಾದ ದೃಷ್ಟಾಂತ ಸಿಗುವುದು ಕಷ್ಟ.

ವೇದಾಂತದಲ್ಲಿ ಈ ಪ್ರಶ್ನೆ ಒಂದು ಅವ್ಯಯದ ಮೇಲೆಯೇ ಬಂದು ನಿಂತಿತು. ಬ್ರಹ್ಮಸೂತ್ರಗಳ ಮೊದಲ ಸೂತ್ರದ ಮೊದಲ ಪದವಾದ ‘ಅಥ’ ಎಂಬುದಕ್ಕೆ ಆರಂಭ, ಮಂಗಳ, ಆನಂತರ್ಯ ಎಂಬ ಅರ್ಥಗಳು ಸಾಧ್ಯವಿರುವಾಗ, ಶಂಕರರು ಮೊದಲಿನ ಎರಡನ್ನು ತಳ್ಳಿ ಮೂರನೆಯದನ್ನು ಹಿಡಿದರು: ಬ್ರಹ್ಮವನ್ನು ತಿಳಿಯಬೇಕೆಂಬ ಇಚ್ಛೆಯನ್ನು ಒಂದು ಕಾರ್ಯದಂತೆ ಆರಂಭಿಸಲು ಬರುವುದಿಲ್ಲ, ಮಂಗಳವಾದರೋ ಆ ಶಬ್ದ ಕಿವಿಗೆ ಬಿದ್ದಷ್ಟಕ್ಕೇ ಸಿದ್ಧಿಸುತ್ತದೆ. ಆನಂತರ್ಯವೆಂದ ಮೇಲೆ ಯಾವುದರ ಅನಂತರ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ವೇದಾಧ್ಯಯನ ಧರ್ಮಜಿಜ್ಞಾಸೆಗೂ ಸಾಮಾನ್ಯವಾದದ್ದು, ಧರ್ಮಜಿಜ್ಞಾಸೆ ಇಲ್ಲದೆಯೂ ವೇದಾಂತವನ್ನು ಓದಿದವನಿಗೆ ಬ್ರಹ್ಮಜಿಜ್ಞಾಸೆ ಹುಟ್ಟಬಹುದು, ಆದ್ದರಿಂದ ಅವೆರಡೂ ಅಲ್ಲ. ನಿತ್ಯಾನಿತ್ಯವಸ್ತುಗಳ ವಿವೇಕ, ಇಹಪರ ಭೋಗಗಳಲ್ಲಿ ವೈರಾಗ್ಯ, ಶಮದಮಾದಿಗಳ ಸಂಪತ್ತು, ಮೋಕ್ಷದ ಹಂಬಲ ಎಂಬ ನಾಲ್ಕು ಸಾಧನಗಳು ಕೂಡಿದ ಅನಂತರ ಎಂದು ಅವರು ನಿರ್ಣಯಿಸಿದರು. ರಾಮಾನುಜರು ಕರ್ಮವಿಚಾರವು ಮುಗಿದು ಕರ್ಮಫಲದ ಅಲ್ಪತೆ ತಿಳಿದ ಅನಂತರ ಎಂದರೆ, ಮಧ್ವರು ಆ ಶಬ್ದ ಮಂಗಳಾರ್ಥವೂ ಹೌದು, ಅಧಿಕಾರವು ಅಂದರೆ ಯೋಗ್ಯತೆಯು ಬಂದ ಆನಂತರ್ಯವೂ ಹೌದು ಎಂದರು. ಮೂವರೂ ತಂತಮ್ಮ ದರ್ಶನದ ಇಡೀ ಸಾಧನಕ್ರಮವನ್ನು ಎರಡಕ್ಷರದ ಪದವೊಂದರ ಬೆನ್ನ ಹಿಂದೆ ನಿಲ್ಲಿಸಿದರೆಂಬುದು ಶಬ್ದಗಳೊಂದಿಗಿನ ಆಟವಾಗಿರಲಿಲ್ಲ. ನಡುವೆ ಏನೂ ಇಲ್ಲವೆಂದು ಹೇಳುವ ಪದ ಹಿಂದೆ ಏನೋ ಇದೆಯೆಂದೂ ಹೇಳಿಯೇ ತೀರಬೇಕು, ಹಿಂದಿನದು ಯಾವುದೆಂದು ತಿಳಿಯದವನಿಗೆ ಆ ‘ಕೂಡಲೆ’ ಪೊಳ್ಳಾಗುತ್ತದೆ ಎಂಬ ಅರಿವು ಮೂವರಲ್ಲೂ ಸಮಾನವಾಗಿತ್ತು.

ಜ್ಞಾನದಲ್ಲಿಯೂ ಇಂಥದೇ ಒಂದು ನಿರ್ವ್ಯವಧಾನತೆಯನ್ನು ಬೃಹದಾರಣ್ಯಕದಲ್ಲಿ ಉಷಸ್ತ ಚಾಕ್ರಾಯಣನು ಯಾಜ್ಞವಲ್ಕ್ಯನಿಂದ ಬೇಡುತ್ತಾನೆ. ಅನುಮಾನದ ಅಥವಾ ಕೇಳಿಕೆಯ ಮೂಲಕ ತಿಳಿಯುವ ಬ್ರಹ್ಮವನ್ನಲ್ಲ, ಸಾಕ್ಷಾತ್ತಾಗಿಯೂ ಅಪರೋಕ್ಷವಾಗಿಯೂ ಇರುವುದನ್ನು ವಿವರಿಸೆನ್ನುತ್ತಾನೆ. ಲೊಜ್‌ಬಾನಿನಲ್ಲಿ ಇದಕ್ಕೆ ‘ಜ಼ಿ’ಗಿಂತ ಬೇರೆಯಾದ ಪದವರ್ಗವೇ ಇದ್ದು, ಕಣ್ಣಾರೆ ಕಂಡು ಹೇಳುವ ಮಾತಿಗೆ ‘ಜ಼ಾಹಾ’ ಎಂದೂ, ಒಳಗಿನ ಅನುಭವದಿಂದ ತಿಳಿದು ಹೇಳುವ ಮಾತಿಗೆ ‘ಸೆಹೊ’ ಎಂದೂ, ಪರರಿಂದ ಕೇಳಿ ಹೇಳುವ ಮಾತಿಗೆ, ಕನ್ನಡದ ‘ಅಂತೆ’ಯ ಹಾಗೆ, ‘ತಿಹೆ’ ಎಂದೂ ಗುರುತು ಹಾಕಬಹುದು. ಕಾಲದ ಸಾಮೀಪ್ಯವನ್ನೂ ಅರಿವಿನ ಸಾಮೀಪ್ಯವನ್ನೂ ಬೇರೆಬೇರೆ ಇಡುವುದು ಸರಿಯಾದ ಕ್ರಮವೇ, ಏಕೆಂದರೆ ಈಗ ತಾನೆ ನಡೆದದ್ದೆಲ್ಲ ಅಪರೋಕ್ಷವಾಗಿ ತಿಳಿದಿರಬೇಕೆಂದೇನೂ ಇಲ್ಲ.

ಎಸ್ಪೆರಾಂತೊ ಕಡೆಗೆ ಮರಳಿದರೆ, ಅದರ ನಿರ್ಮಾತೃವಿಗೆ ಧರ್ಮವೆಂಬುದು ಭಾಷೆಯಷ್ಟೇ ಹತ್ತಿರದ ಚಿಂತೆಯಾಗಿತ್ತು. ರಷ್ಯನ್ನರು, ಪೋಲರು, ಜರ್ಮನ್ನರು, ಯೆಹೂದಿಗಳು ಪರಸ್ಪರ ಅಪನಂಬಿಕೆಯಲ್ಲಿ ಬದುಕುತ್ತಿದ್ದ ಬ್ಯಾವಿಸ್ತೋಕ್ ಪಟ್ಟಣದ ಯೆಹೂದಿ ಮನೆತನದಲ್ಲಿ 1859ರಲ್ಲಿ ಹುಟ್ಟಿದ ಜ಼ಾಮೆನ್‌ಹೋಫ್, 1901ರಲ್ಲಿ ‘ಹೋಮೊ ಸುಮ್’ ಎಂಬ ಗುಪ್ತನಾಮದಲ್ಲಿ ಹಿಲ್ಲೆಲ್‌ವಾದವೆಂಬ ಧಾರ್ಮಿಕ ತತ್ತ್ವವನ್ನು ರಷ್ಯನ್ ಭಾಷೆಯಲ್ಲಿ ಮಂಡಿಸಿ, 1906ರಲ್ಲಿ ಅದನ್ನು ಸಕಲ ಮಾನವರಿಗೂ ಅನ್ವಯಿಸುವಂತೆ ಹಿಗ್ಗಿಸಿ ‘ಹೋಮಾರಾನಿಸ್ಮೊ’ ಎಂದು ಹೆಸರಿಟ್ಟನು. ಪರರಿಂದ ತನಗೆ ಏನನ್ನು ಬಯಸುತ್ತಾನೋ ಅದನ್ನೇ ಪರರಿಗೆ ಮಾಡಬೇಕೆಂಬುದು ಅದರ ಹುರುಳು. ಆ ಹೆಸರಿಗೆ ಮೂಲನಾದ ಹಿಲ್ಲೆಲ್ ಕ್ರಿಸ್ತಪೂರ್ವ ಮೊದಲ ಶತಮಾನದ ಯೆಹೂದಿ ಆಚಾರ್ಯ. ಪಿರ್ಕೆ ಆವೋತ್ ಎಂಬ ಸೂಕ್ತಿಗ್ರಂಥದಲ್ಲಿ ಅವನದೆನ್ನಲಾದ ಮೂರು ಸರಣಿಪ್ರಶ್ನೆಗಳಲ್ಲಿ ಕೊನೆಯದು, ಮಾಡಬೇಕಾದ ಕೆಲಸವನ್ನು ಈ ಹೊತ್ತಿನಿಂದ ಮುಂದಕ್ಕೆ ತಳ್ಳುವವನಿಗೆ ಬೇರೆ ಯಾವ ಹೊತ್ತು ಉಳಿದಿದೆಯೆಂಬ ಭಾವದ್ದು. ಜ಼ಾಮೆನ್‌ಹೋಫ್ ಹೀಬ್ರೂವಿನಿಂದ ಹಳೆಯ ಒಡಂಬಡಿಕೆಯ ಅನುವಾದವನ್ನು 1915ರಲ್ಲಿ ಮುಗಿಸಿ 1917ರಲ್ಲಿ ತೀರಿಕೊಂಡನು. ಬ್ರಿಟಿಷ್ ಎಸ್ಪೆರಾಂತೊವಾದಿಗಳ ಸಮಿತಿಯೊಂದು 1912ರಲ್ಲೇ ಹೊರತಂದಿದ್ದ ಹೊಸ ಒಡಂಬಡಿಕೆಯೂ ಇದೂ ಸೇರಿ 1926ರಲ್ಲಿ ಒಂದೇ ಬೈಬಲ್ ಆಗಿ ಅಚ್ಚಾದವು.

ಆ ಬೈಬಲಿನಲ್ಲಿ ‘ತುಯ್’ಗೆ ಹೆಚ್ಚು ಕೆಲಸ ಬಿದ್ದದ್ದು ಮಾರ್ಕನ ಸುವಾರ್ತೆಯಲ್ಲಿ. ನಾಲ್ಕು ಸುವಾರ್ತೆಗಳಲ್ಲಿ ಅತಿ ಚಿಕ್ಕದಾದ ಇದರಲ್ಲಿ ‘ಕೂಡಲೆ’ ಎಂಬರ್ಥದ ‘ಎವ್‌ಥೂಸ್’ ಎಂಬ ಗ್ರೀಕ್ ಪದ ಸುಮಾರು 40 ಸಲ ಬರುತ್ತದೆ. ಯೇಸು ನೀರಿನಿಂದ ಮೇಲೆ ಬಂದ ಕೂಡಲೆ ಆಕಾಶ ತೆರೆಯುತ್ತದೆ, ಕರೆದ ಕೂಡಲೆ ಬೆಸ್ತರು ಬಲೆಗಳನ್ನು ಬಿಟ್ಟು ಹೊರಡುತ್ತಾರೆ. ಇದನ್ನು ಬರಿಯ ನಿರೂಪಣೆಯ ಕೊಂಡಿಯೆಂದು ಎಣಿಸಿ, ಪುನರುಕ್ತಿಯಾಗುತ್ತದೆಂದು ಅಲ್ಲಲ್ಲಿ ಕೈಬಿಡುವ ಆಧುನಿಕ ಅನುವಾದಗಳಿವೆ. ಈ ಕೈಬಿಡುವಿಕೆಯಿಂದ ಆಗುವ ನಷ್ಟ ಶೈಲಿಯದಕ್ಕಿಂತ ದೊಡ್ಡದು, ಏಕೆಂದರೆ ಮಾರ್ಕನು ಈ ಪದವನ್ನು ಹೊಗಳಿಕೆಯಾಗಿ ಮಾತ್ರ ಬಳಸಿಲ್ಲ. ನಾಲ್ಕನೆಯ ಅಧ್ಯಾಯದ ಬಿತ್ತುವವನ ಸಾಮ್ಯದಲ್ಲಿ ಕಲ್ಲುನೆಲದ ಮೇಲೆ ಬಿದ್ದ ಬೀಜವು ಮಣ್ಣಿಗೆ ಆಳವಿಲ್ಲದ್ದರಿಂದಲೇ ಕೂಡಲೆ ಮೊಳೆಯುತ್ತದೆ; ಅದರ ವಿವರಣೆಯಲ್ಲಿ ದಾರಿಯಲ್ಲಿ ಬಿದ್ದ ವಾಕ್ಯವನ್ನು ಸೈತಾನನು ಕೂಡಲೆ ಬಂದು ಎತ್ತಿಕೊಂಡುಹೋಗುತ್ತಾನೆ, ಕಲ್ಲುನೆಲದಂಥವರು ವಾಕ್ಯವನ್ನು ಕೂಡಲೆ ಸಂತೋಷದಿಂದ ಸ್ವೀಕರಿಸುತ್ತಾರೆ, ಕಷ್ಟ ಬಂದಾಗ ಕೂಡಲೆ ಎಡವುತ್ತಾರೆ. ಬೆಸ್ತರ ಕೂಡಲೆಗೂ ಕಲ್ಲುನೆಲದ ಕೂಡಲೆಗೂ ಗಡಿಯಾರದ ದೃಷ್ಟಿಯಿಂದ ಭೇದವಿಲ್ಲ, ಗ್ರೀಕಿನಲ್ಲಾಗಲಿ ಎಸ್ಪೆರಾಂತೊವಿನಲ್ಲಾಗಲಿ ಪದಭೇದವೂ ಇಲ್ಲ. ಭೇದವಿರುವುದು ಆ ಪದದ ಹಿಂದೆ ಏನು ನಿಂತಿದೆ ಎಂಬುದರಲ್ಲಿ, ‘ಅಥ’ ಶಬ್ದದ ಭಾಷ್ಯಕಾರರು ಹುಡುಕಿದ್ದೂ ಅದನ್ನೇ.

ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಮಾರ್ಕನಲ್ಲಿ ಮಾತ್ರ ಸಿಗುವ ಇನ್ನೊಂದು ಸಾಮ್ಯವಿದೆ. ಬೀಜ ಹಾಕಿದವನು ರಾತ್ರಿ ಮಲಗಿ ಹಗಲು ಏಳುತ್ತಿರುತ್ತಾನೆ, ಭೂಮಿ ಅವನಿಗೆ ತಿಳಿಯದ ರೀತಿಯಲ್ಲಿ ಮೊದಲು ಗರಿಯನ್ನೂ ಆಮೇಲೆ ತೆನೆಯನ್ನೂ ಕೊನೆಗೆ ಕಾಳನ್ನೂ ಕೊಡುತ್ತದೆ, ಈ ನಿಧಾನದ ಉದ್ದಕ್ಕೂ ‘ಕೂಡಲೆ’ ಎಂಬ ಪದ ಒಮ್ಮೆಯೂ ಬರುವುದಿಲ್ಲ. ಪೈರು ಮಾಗಿತೆಂದಾಗ ಅವನು ಕೂಡಲೆ ಕುಡುಗೋಲು ಹಾಕಿಸುತ್ತಾನೆ. ಮಾಗುವಿಕೆ ಇಲ್ಲಿ ಆನಂತರ್ಯದ ಪೂರ್ವಪದ. ಎಸ್ಪೆರಾಂತೊ ವ್ಯಾಕರಣದಲ್ಲಿ ‘ಯಾವಾಗ’ ಎಂಬರ್ಥದ ‘ಕೀಯಾಮ್’ ಪದವನ್ನು ಸೇರಿಸಿ ‘ತುಯ್ ಕೀಯಾಮ್’ ಎಂದು ರಚಿಸುವ ಉಪವಾಕ್ಯವೂ ಇಂಥ ಪೂರ್ವಪದವನ್ನು ಕಡ್ಡಾಯವಾಗಿ ಬೇಡುತ್ತದೆ: ಏನು ಆದ ಕೂಡಲೆ ಎಂಬುದನ್ನು ಹೇಳದೆ ಆ ವಾಕ್ಯವನ್ನು ಮುಗಿಸಲು ಬರುವುದಿಲ್ಲ.